ತೂಕ ಹಾಕಿ ತಿನ್ನಿಸಿ: ಬೆಂಗಳೂರಿನ ಕೊಟ್ಟಿಗೆಯ ಸೀಮೆ ಹಸುವಿಗೆ ಮೇವಿನ ಲೆಕ್ಕ

ಬೆಂಗಳೂರಿನಲ್ಲಿ ಹಸುವಿನ ಹೊಟ್ಟೆ ತುಂಬಿಸುವುದು ಕಷ್ಟದ ಕೆಲಸವೇ ಅಲ್ಲ. ಮಾರ್ಕೆಟ್ ಮುಗಿದ ಮೇಲೆ ಕೋಸಿನ ಎಲೆ ಸಿಗುತ್ತದೆ. ಅವರೆಕಾಯಿ ಕಾಲದಲ್ಲಿ ಸಿಪ್ಪೆ ಮೂಟೆಗಟ್ಟಲೆ. ಜ್ಯೂಸ್ ಅಂಗಡಿಯ ಹಣ್ಣಿನ ಸಿಪ್ಪೆ, ಛತ್ರದಲ್ಲಿ ಮಿಕ್ಕ ಅನ್ನ, ಬಿಯರ್ ಫ್ಯಾಕ್ಟರಿಯ ವೇಸ್ಟ್, ಪಕ್ಕದ ಮನೆಯ ಕಲಗಚ್ಚು, ಎಲ್ಲವೂ ಕೊಟ್ಟಿಗೆ ಬಾಗಿಲಿಗೇ ಬರುತ್ತವೆ. ಆದರೂ ಯಲಹಂಕದ ಕಡೆ ಹೋಗಿ, ಆನೇಕಲ್ ಕಡೆ ಹೋಗಿ, ದೂರು ಒಂದೇ: "ಎಷ್ಟು ಹಾಕಿದ್ರೂ ಹಾಲು ಏರ್ತಿಲ್ಲ. ಡೈರೀಲಿ ಫ್ಯಾಟ್ ಬರ್ತಿಲ್ಲ. ಹಸು ಗಬ್ಬ ನಿಲ್ತಿಲ್ಲ."

ಹೊಟ್ಟೆ ತುಂಬಿದೆ ನಿಜ. ಆದರೆ ತುಂಬಿರುವುದು ಬಹುಪಾಲು ನೀರು. ಸಿಟಿಯಲ್ಲಿ ಅಗ್ಗಕ್ಕೆ ಸಿಗುವ ಮೇವೆಲ್ಲ ಹೆಚ್ಚಾಗಿ ನೀರೇ. ಹಾಲಾಗುವುದು, ಮೈಯಾಗುವುದು ನೀರು ಹೋದ ಮೇಲೆ ಉಳಿಯುವ ಒಣ ಅಂಶ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಆ ಒಣ ಅಂಶದ ಲೆಕ್ಕ. ಎರಡು ಮೂರು ಸೀಮೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇಕಾದ್ದು ಒಂದು ತೂಗುವ ತಕ್ಕಡಿ, ಒಂದು ಟೈಲರ್ ಟೇಪು, ಒಂದು ನೋಟ್ ಪುಸ್ತಕ. ಅಷ್ಟೇ.

ಮೊದಲು ಮಗ್ಗಿನ ತೂಕ ನೋಡಿ

ಯಾವ ಕೊಟ್ಟಿಗೆಗೆ ಹೋದರೂ ಫೀಡ್ ಚೀಲದ ಮೇಲೆ ಒಂದು ಮಗ್ಗು ಇರುತ್ತದೆ. "ದಿನಕ್ಕೆ ಎಷ್ಟು ಫೀಡ್ ಕೊಡ್ತೀರಿ?" ಅಂದರೆ "ಬೆಳಗ್ಗೆ ಮೂರು ಮಗ್ಗು, ಸಂಜೆ ಮೂರು ಮಗ್ಗು" ಅನ್ನುತ್ತಾರೆ. ಆ ಮಗ್ಗಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಒಂದು ಲೀಟರಿನ ಮಗ್ಗಿನಲ್ಲಿ ಗುಳಿಗೆ ಫೀಡ್ ಅರ್ಧ ಕೆಜಿಗಿಂತ ಜಾಸ್ತಿ ಕೂರುತ್ತದೆ. ಅದೇ ಮಗ್ಗಿನಲ್ಲಿ ಗೋಧಿ ಬೂಸಾ ಹಾಕಿದರೆ ಕಾಲು ಕೆಜಿ ಬಂದರೆ ಹೆಚ್ಚು. ಫೀಡ್ ತೀರಿತೆಂದು ಒಂದು ವಾರ ಬೂಸಾ ಮೇಲೆ ನಡೆಸಿದಾಗ ಹಾಲು ಯಾಕೆ ಇಳಿಯಿತು ಅನ್ನುವುದಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ, ಅಲ್ವಾ?

ಹಾಗಾಗಿ ಮೊದಲ ದಿನದ ಕೆಲಸ ಇದು. ನಿಮ್ಮ ಮಗ್ಗಿಗೆ ಫೀಡ್ ತುಂಬಿ ತೂಗಿ. ಬೂಸಾ ತುಂಬಿ ತೂಗಿ. ಹಿಂಡಿ ತುಂಬಿ ತೂಗಿ. ಮೂರನ್ನೂ ಮಾರ್ಕರ್‌ನಲ್ಲಿ ಗೋಡೆಯ ಮೇಲೆ ಬರೆಯಿರಿ. ಹಾಗೇ ಒಂದು ಹೊರೆ ಹಸಿ ಹುಲ್ಲು, ಒಂದು ಕಟ್ಟು ರಾಗಿ ಹುಲ್ಲು ತೂಗಿ ನೋಡಿ. ಕಟ್ಟು ನೋಡಲು ಎಷ್ಟು ದೊಡ್ಡದಿದ್ದರೂ ತಕ್ಕಡಿಗೆ ಏರಿಸಿದಾಗಲೇ ನಿಜ ಗೊತ್ತಾಗುವುದು.

ಹಸುವಿನ ತೂಕ ಟೇಪಿನಲ್ಲಿ

ಹಸುವನ್ನು ಸಮ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ. ಮುಂಗಾಲಿನ ಹಿಂದೆ ಟೇಪು ಸುತ್ತಿ ಎದೆಯ ಸುತ್ತಳತೆ ಇಂಚಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಮುಂದಿನ ಭುಜದ ಮೂಳೆಯ ತುದಿಯಿಂದ ಬಾಲದ ಪಕ್ಕದ ಮೂಳೆಯ ತುದಿವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಬಂದ ಉತ್ತರ ಕೆಜಿಯಲ್ಲಿ ಹಸುವಿನ ತೂಕ. ಸುತ್ತಳತೆ 68, ಉದ್ದ 58 ಇಂಚು ಇದ್ದರೆ ಸುಮಾರು 406 ಕೆಜಿ ಬರುತ್ತದೆ. ಹತ್ತಿಪ್ಪತ್ತು ಕೆಜಿ ಆಚೀಚೆ ಆಗಬಹುದು, ನಮ್ಮ ಕೆಲಸಕ್ಕೆ ಅಡ್ಡಿಯಿಲ್ಲ.

ಹಾಲು ಕೊಡುವ ಹಸು ತನ್ನ ಮೈತೂಕದ 100ಕ್ಕೆ 3ರಷ್ಟು ಒಣ ಅಂಶ ತಿನ್ನುತ್ತದೆ ಎಂದು ಹಿಡಿಯಿರಿ. 400 ಕೆಜಿ ಹಸುವಿಗೆ 12 ಕೆಜಿ. ತುಂಬಾ ಹಾಲು ಕೊಡುವ ಹಸು ಇನ್ನೂ ಸ್ವಲ್ಪ ಜಾಸ್ತಿ ತಿನ್ನಬಲ್ಲದು. ಬತ್ತಿದ ಹಸುವಿಗೆ 100ಕ್ಕೆ ಎರಡೂವರೆ ಅಥವಾ ಅದಕ್ಕಿಂತ ಕಡಿಮೆ ಸಾಕು.

ಯಾವುದರಲ್ಲಿ ಎಷ್ಟು ನೀರು

ರಾಗಿ ಹುಲ್ಲು, ಭತ್ತದ ಹುಲ್ಲು, ಫೀಡ್, ಬೂಸಾ, ಹಿಂಡಿ ಇವೆಲ್ಲ ಒಣಗಿದ ಪದಾರ್ಥ. ಒಂದು ಕೆಜಿಯಲ್ಲಿ 900 ಗ್ರಾಂ ಆಸುಪಾಸು ಒಣ ಅಂಶ. ಹದವಾಗಿ ಬಲಿತ ನೇಪಿಯರ್ ಹುಲ್ಲು, ಜೋಳದ ಕಡ್ಡಿಯಲ್ಲಿ 200 ಗ್ರಾಂ. ಚೆನ್ನಾಗಿ ಮಾಡಿದ ಮುಸುಕಿನ ಜೋಳದ ಸೈಲೇಜ್‌ನಲ್ಲಿ (ಗಾಳಿ ಆಡದಂತೆ ಒತ್ತಿ ಹುಳಿಸಿಟ್ಟ ಹಸಿ ಮೇವು) 300 ಗ್ರಾಂ. ಬಿಯರ್ ವೇಸ್ಟ್‌ನಲ್ಲಿ 200ರಿಂದ 250. ಕೋಸು, ಹೂಕೋಸಿನ ಎಲೆಯಲ್ಲಿ 100 ಗ್ರಾಂ ಸಿಕ್ಕರೆ ಪುಣ್ಯ.

ನಂಬಿಕೆ ಬರದಿದ್ದರೆ ಒಂದು ಕೆಜಿ ಕೋಸಿನ ಎಲೆ ತೂಗಿ, ಸಣ್ಣಗೆ ಹೆಚ್ಚಿ, ತಾರಸಿಯ ಮೇಲೆ ಬಿಸಿಲಿಗೆ ಹರಡಿ. ಕೈಯಲ್ಲಿ ಹಿಸುಕಿದರೆ ಹಪ್ಪಳದ ಹಾಗೆ ಪುಡಿಯಾಗುವ ತನಕ ಬಿಡಿ. ಉಳಿದದ್ದು ಒಂದು ಬೊಗಸೆ. ಹಸುವಿಗೆ ನಿಜವಾಗಿ ಸಿಕ್ಕಿದ್ದು ಆ ಬೊಗಸೆ. ಮಾರ್ಕೆಟ್‌ಗೆ ಬೆಳಗಿನ ಜಾವ ಗಾಡಿ ತೆಗೆದುಕೊಂಡು ಹೋಗಿ, ಪೆಟ್ರೋಲ್ ಸುಟ್ಟು ತಂದ 20 ಕೆಜಿ ಎಲೆಯಲ್ಲಿ ಎರಡು ಕೆಜಿ ಮೇವು, ಹದಿನೆಂಟು ಲೀಟರ್ ನೀರು. ನೀರು ಮನೆಯ ನಲ್ಲಿಯಲ್ಲೇ ಬರುತ್ತಿತ್ತು.

ತೊಟ್ಟಿಯ ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಗಿಡ ಅಜೋಲಾದ ಕಥೆಯೂ ಇದೇ. ಅದರಲ್ಲಿ ಪ್ರೋಟೀನ್ ಇದೆ, ಸುಳ್ಳಲ್ಲ. ಆದರೆ 100ಕ್ಕೆ 93-95 ಭಾಗ ನೀರು. ದಿನಕ್ಕೆ ಒಂದೂವರೆ ಕೆಜಿ ಅಜೋಲಾ ಕೊಟ್ಟರೆ ಹಸುವಿಗೆ ಸಿಗುವ ಒಣ ಅಂಶ ನೂರು ಗ್ರಾಂ ಇರಬಹುದು, ಅದರಲ್ಲಿ ಪ್ರೋಟೀನ್ 25 ಗ್ರಾಂ. ಹತ್ತು ಲೀಟರ್ ಕರೆಯುವ ಹಸುವಿಗೆ ದಿನಕ್ಕೆ ಒಂದು ಕೆಜಿಗಿಂತ ಜಾಸ್ತಿ ಪ್ರೋಟೀನ್ ಬೇಕು. ಕೋಳಿಗೆ, ಕರುವಿಗೆ ಹಾಕಲು ಒಂದು ತೊಟ್ಟಿ ಇರಲಿ. "ಅಜೋಲಾ ಬೆಳೆಸಿ, ಫೀಡ್ ಬಿಡಿ" ಅನ್ನುವ ವಿಡಿಯೋ ನೋಡಿ ಫೀಡ್ ಕಮ್ಮಿ ಮಾಡಬೇಡಿ.

ಒಂದು ದಿನದ ಊಟ ಹೊಂದಿಸುವುದು

400 ಕೆಜಿ ತೂಕದ, ದಿನಕ್ಕೆ 10 ಲೀಟರ್ ಕರೆಯುವ ಹಸುವನ್ನೇ ತೆಗೆದುಕೊಳ್ಳೋಣ. ಬೇಕಾದ್ದು 12 ಕೆಜಿ ಒಣ ಅಂಶ.

ಮೊದಲು ಫೀಡ್ ಲೆಕ್ಕ. ಹಸುವಿನ ಮೈ ನಡೆಸಲು ಒಂದೂವರೆ ಕೆಜಿ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹತ್ತು ಲೀಟರಿಗೆ ನಾಲ್ಕು. ಒಟ್ಟು ಐದೂವರೆ ಕೆಜಿ. ಇದರ ಒಣ ಅಂಶ 5 ಕೆಜಿ ಹತ್ತಿರ. ಎಮ್ಮೆ ಹಾಲು ಗಟ್ಟಿ, ಅದಕ್ಕೆ ಪ್ರತಿ ಎರಡು ಲೀಟರಿಗೆ ಒಂದು ಕೆಜಿ ಹಿಡಿಯಬೇಕು.

ಉಳಿದ 7 ಕೆಜಿ ಹುಲ್ಲಿನಿಂದ ಬರಬೇಕು. 20 ಕೆಜಿ ನೇಪಿಯರ್ ಕೊಟ್ಟರೆ 4 ಕೆಜಿ ಬಂತು. ಮೂರೂವರೆ ಕೆಜಿ ರಾಗಿ ಹುಲ್ಲು ಕೊಟ್ಟರೆ 3 ಕೆಜಿ ಬಂತು. ಲೆಕ್ಕ ಮುಗಿಯಿತು.

ಈಗ ಆ ನೇಪಿಯರ್‌ನಲ್ಲಿ ಅರ್ಧ ತೆಗೆದು ಅದರ ಜಾಗಕ್ಕೆ 10 ಕೆಜಿ ಕೋಸಿನ ಎಲೆ ಬಂತು ಅಂದುಕೊಳ್ಳಿ. ಎರಡು ಕೆಜಿ ಬದಲು ಒಂದು. ಒಂದು ಕೆಜಿ ಖೋತಾ. ಅದನ್ನು ರಾಗಿ ಹುಲ್ಲು ಇನ್ನೂ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ ಹಾಕಿ ತುಂಬಿಸಬೇಕು. ಹೀಗೆ ತುಂಬಿಸುವವರಿಗೆ ಮಾರ್ಕೆಟ್ ಎಲೆ ಲಾಭ. ತುಂಬಿಸದವರಿಗೆ ನಷ್ಟ.

ಒಂದು ಮಾತು ಮರೆಯಬೇಡಿ. ಒಟ್ಟು ಒಣ ಅಂಶದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಲ್ಲಿನಿಂದಲೇ ಬರಬೇಕು. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಮೊದಲ ದೊಡ್ಡ ಚೀಲದಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ನಾರನ್ನು ಕೊಳೆಸಿ ಹಸುವಿಗೆ ಶಕ್ತಿ ಮಾಡಿಕೊಡುತ್ತವೆ. ನಾವು ತಿನ್ನಿಸುವುದು ಮೊದಲು ಅವುಗಳಿಗೆ, ಆಮೇಲೆ ಹಸುವಿಗೆ. ಹುಲ್ಲು ಇದ್ದರೆ ಹಸು ಮೆಲುಕು ಹಾಕುತ್ತದೆ. ಮೆಲುಕು ಹಾಕಿದರೆ ಜೊಲ್ಲು ಬರುತ್ತದೆ, ದಿನಕ್ಕೆ ನೂರು ಲೀಟರಿನಷ್ಟು. ಆ ಜೊಲ್ಲಿನಲ್ಲಿ ಅಡುಗೆ ಸೋಡಾದಂಥ ಅಂಶವಿದ್ದು ಹೊಟ್ಟೆಯ ಹುಳಿಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಹುಲ್ಲು ಕಮ್ಮಿಯಾಗಿ ಫೀಡ್ ಜಾಸ್ತಿಯಾದರೆ ಹೊಟ್ಟೆ ಹುಳಿಯಾಗಿ ಮೊದಲು ಇಳಿಯುವುದು ಫ್ಯಾಟ್. ಡೈರಿಯಲ್ಲಿ ಫ್ಯಾಟ್ 3.5ಕ್ಕಿಂತ ಕೆಳಗೆ ಬಂದರೆ ಫೀಡ್ ಕಂಪನಿಯನ್ನು ಬೈಯುವ ಮುಂಚೆ ಗೋದಲಿಯಲ್ಲಿ ಒಣ ಹುಲ್ಲು ಎಷ್ಟಿತ್ತು ನೋಡಿ.

ಒಣ ಹುಲ್ಲು: ರಾಗಿಯದೇ ಮೇಲು

ನಮ್ಮ ಕಡೆ ರಾಗಿ ಹುಲ್ಲು ಸಿಗುವುದೇ ಒಂದು ಅದೃಷ್ಟ. ಭತ್ತದ ಹುಲ್ಲಿಗಿಂತ ಚೆನ್ನಾಗಿ ಅರಗುತ್ತದೆ, ಸುಣ್ಣದ ಅಂಶವೂ (ಕ್ಯಾಲ್ಸಿಯಂ) ಜಾಸ್ತಿ. ಭತ್ತದ ಹುಲ್ಲಿನಲ್ಲಿ ಮರಳಿನಂಥ ಸಿಲಿಕಾ ಜಾಸ್ತಿ. ಅದರ ಮೇಲೆ ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಸುವಿಗೆ ದಕ್ಕುವುದಿಲ್ಲ.

ಹೊಸಕೋಟೆ, ದೊಡ್ಡಬಳ್ಳಾಪುರ, ಮಾಗಡಿ ಕಡೆ ರಾಗಿ ಕೊಯ್ಲು ನವೆಂಬರ್-ಡಿಸೆಂಬರ್‌ನಲ್ಲಿ. ಆಗಲೇ ವರ್ಷದ ಹುಲ್ಲು ಕೊಂಡುಬಿಡಿ. ಏಪ್ರಿಲ್‌ನಲ್ಲಿ ಕೊಳ್ಳುವವರು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಒಂದು ಹಸುವಿಗೆ ದಿನಕ್ಕೆ ಮೂರೂವರೆ ಕೆಜಿ ಅಂದರೆ ವರ್ಷಕ್ಕೆ ಒಂದೂಕಾಲು ಟನ್‌ಗಿಂತ ಸ್ವಲ್ಪ ಜಾಸ್ತಿ. ಬಣವೆ ಹಾಕಲು ಜಾಗವಿಲ್ಲದವರು ಮಷಿನ್ ಸುತ್ತಿದ ರೋಲ್ ತಂದು, ನೆಲಕ್ಕೆ ತಾಗದ ಹಾಗೆ ಹಲಗೆಯ ಮೇಲೆ ಜೋಡಿಸಿ. ಮಳೆ ನೀರು ಕುಡಿದು ಬೂಷ್ಟು ಹಿಡಿದ ಹುಲ್ಲನ್ನು "ಒದರಿ ಹಾಕಿದ್ರೆ ಆಯ್ತು" ಅಂತ ಕೊಡಬೇಡಿ.

ಕತ್ತರಿಸಿ ಹಾಕಿ. ಒಂದು ಇಂಚಿನ ಆಸುಪಾಸು ಇದ್ದರೆ ಹಸು ಆರಿಸಿ ಬಿಡುವುದಿಲ್ಲ, ಕಾಲಡಿ ಹೋಗುವ ಹುಲ್ಲು ಉಳಿಯುತ್ತದೆ. ಹಿಟ್ಟಿನ ಹಾಗೆ ಪುಡಿ ಮಾಡಿದರೆ ಮೆಲುಕು ಕಮ್ಮಿಯಾಗುತ್ತದೆ, ಅದೂ ಬೇಡ.

ಭತ್ತದ ಹುಲ್ಲೇ ಗತಿ ಅನ್ನುವವರು ಯೂರಿಯಾ ಉಪಚಾರ ಮಾಡಬಹುದು. 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿ ಆಡದಂತೆ 21 ದಿನ ಮುಚ್ಚಿಡಿ. ಕೊಡುವ ಮುಂಚೆ ಒಂದು ಗಂಟೆ ಹರಡಿ ಘಾಟು ಹೋಗಲು ಬಿಡಿ. ಆರು ತಿಂಗಳ ಒಳಗಿನ ಕರುವಿಗೆ ಇದು ಸಲ್ಲದು. ಯೂರಿಯಾ ನೀರು ಉಳಿದರೆ ಚೆಲ್ಲಿಬಿಡಿ, ಹಸು ಕುಡಿದರೆ ಪ್ರಾಣಕ್ಕೇ ಅಪಾಯ.

ಹಸಿ ಹುಲ್ಲು

ಒಂದಿಷ್ಟು ಜಾಗ, ನೀರು ಇರುವವರು ನೇಪಿಯರ್ ಹಾಕಿ. ಸಿಒ-4, ಡಿಎಚ್ಎನ್-6 ಎರಡು ತಳಿಗಳೂ ಚೆನ್ನಾಗಿ ಬರುತ್ತವೆ. ಗೊಬ್ಬರ, ನೀರು ಸರಿಯಾಗಿದ್ದರೆ ಐದಾರು ಗುಂಟೆ ಒಂದು ಹಸುವಿಗೆ ಸಾಕು. ಮೊದಲ ಕೊಯ್ಲು ಎರಡೂವರೆ ತಿಂಗಳಿಗೆ, ಆಮೇಲೆ ಪ್ರತಿ 45 ದಿನಕ್ಕೊಮ್ಮೆ. ಆಳೆತ್ತರ ದಾಟಿಸಿದರೆ ರಾಶಿ ಜಾಸ್ತಿ ಕಾಣುತ್ತದೆ, ಆದರೆ ಕಾಂಡ ಬಿದಿರಾಗಿರುತ್ತದೆ. ಜೊತೆಗೆ ಒಂದೆರಡು ಸಾಲು ಅಲಸಂದೆ ಅಥವಾ ಕುದುರೆ ಮೆಂತ್ಯ ಇರಲಿ. ನೇಪಿಯರ್ ನಾಲ್ಕು ಪಾಲು, ಇವು ಒಂದು ಪಾಲು ಬೆರೆಸಿದರೆ ಹಿಂಡಿಯ ಖರ್ಚು ಇಳಿಯುತ್ತದೆ. ಕುದುರೆ ಮೆಂತ್ಯವನ್ನೇ ಒದ್ದೆಯಾಗಿ ಹೊಟ್ಟೆ ತುಂಬಾ ತಿನ್ನಿಸಿದರೆ ಹೊಟ್ಟೆ ಉಬ್ಬರ ಗ್ಯಾರಂಟಿ. ಬೀಜ, ಕಡ್ಡಿಗೆ ಹೆಸರಘಟ್ಟದ ಪ್ರಾದೇಶಿಕ ಮೇವು ಕೇಂದ್ರದಲ್ಲಿ ವಿಚಾರಿಸಿ. ನಿಮ್ಮ ಹಾಲಿನ ಸೊಸೈಟಿಯಲ್ಲೂ ಕೇಳಿ ನೋಡಿ.

ಜೋಳದ ಪೈರಿನ ವಿಷಯದಲ್ಲಿ ಹುಷಾರು. ಎಳೆ ಜೋಳದಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಎಳೆ ಪೈರಿನಲ್ಲಿ ಸಯನೈಡ್ ವಿಷ ಇರುತ್ತದೆ. ಹೂವಾಡಿದ ಮೇಲೆ ಕೊಯ್ದರೆ ಭಯವಿಲ್ಲ. ಮುಸುಕಿನ ಜೋಳಕ್ಕೆ ಈ ತೊಂದರೆ ಇಲ್ಲ, ಜಾಗ ಇದ್ದರೆ ಅದರ ಆಫ್ರಿಕನ್ ಟಾಲ್ ತಳಿ ಹಾಕಿ.

ಸಿಟಿ ಒಳಗೆ ಜಾಗವೇ ಇಲ್ಲದವರಿಗೆ ಚೀಲದ ಸೈಲೇಜ್, ಅಂದರೆ ರಸಮೇವು, ಒಳ್ಳೆಯ ದಾರಿ. ಹಸಿರು ಮಿಶ್ರಿತ ಹಳದಿ ಬಣ್ಣ, ಹುಳಿ ಹಣ್ಣಿನ ವಾಸನೆ ಇದ್ದರೆ ಸರಿ. ಕಪ್ಪಾಗಿ ಲೋಳೆ ಬಂದಿದ್ದರೆ ವಾಪಸ್ ಕಳಿಸಿ. ದಿನಕ್ಕೆ ಐದು ಕೆಜಿಯಿಂದ ಶುರು ಮಾಡಿ ಏರಿಸಿ. ತೆರೆದ ಚೀಲದ ಗಾಳಿ ಒತ್ತಿ ತೆಗೆದು ಬಿಗಿಯಾಗಿ ಕಟ್ಟಿ.

ಕೆರೆಯಂಚಿನ ಹುಲ್ಲಿನ ಬಗ್ಗೆ ಖಡಾಖಂಡಿತ ಹೇಳಿಬಿಡುತ್ತೇನೆ. ಒಳಚರಂಡಿ, ಕಾರ್ಖಾನೆ ನೀರು ಸೇರುವ ಕೆರೆಯಲ್ಲಿ ಹುಲ್ಲು ವರ್ಷವಿಡೀ ಸೊಂಪಾಗಿ ಬೆಳೆಯುತ್ತದೆ, ಪುಕ್ಕಟೆ ಬೇರೆ. ಆ ನೀರಿನಲ್ಲಿ ಸೀಸದಂಥ ಲೋಹಗಳಿದ್ದರೆ ಹುಲ್ಲಿಗೆ ಬರುತ್ತವೆ, ಹುಲ್ಲಿನಿಂದ ಹಸುವಿಗೆ, ಹಾಲಿಗೆ. ನೈಟ್ರೇಟ್ ಜಾಸ್ತಿಯಾದರೆ ಹಸು ನಿಂತಲ್ಲೇ ಬೀಳಬಹುದು. ಬೇರೆ ದಾರಿ ಇರುವಾಗ ಅದನ್ನು ಕೊಯ್ಯಬೇಡಿ.

ಫೀಡು, ಬೂಸಾ, ಹಿಂಡಿ

ರೆಡಿ ಫೀಡ್ ಕೊಳ್ಳುವವರು ಚೀಲದ ಮೇಲಿನ ಚೀಟಿ ಓದಿ. ಹಾಲು ಕರೆಯುವ ಹಸುವಿಗೆ ಪ್ರೋಟೀನ್ 20ರಿಂದ 22 ಭಾಗ ಇರಬೇಕು. ತಯಾರಾದ ತಾರೀಖು ನೋಡಿ. ಕೆಎಂಎಫ್‌ನ ನಂದಿನಿ ಫೀಡ್ ಇಲ್ಲೇ ರಾಜಾನುಕುಂಟೆಯ ಘಟಕದಲ್ಲೂ ತಯಾರಾಗುತ್ತದೆ, ಸೊಸೈಟಿಯಲ್ಲಿ ಸಿಗುತ್ತದೆ. ಕಂಪನಿ ಯಾವುದಾದರೂ ಆಗಲಿ, ಹತ್ತು ರೂಪಾಯಿ ಅಗ್ಗ ಅಂತ ತಿಂಗಳಿಗೊಂದು ಬ್ರ್ಯಾಂಡ್ ಬದಲಿಸುವುದು ಬೇಡ.

ಮನೆಯಲ್ಲೇ ಕಲಸುವವರಿಗೆ ನೂರು ಕೆಜಿಯ ಲೆಕ್ಕ ಇಲ್ಲಿದೆ: ಮುಸುಕಿನ ಜೋಳದ ನುಚ್ಚು 40 ಕೆಜಿ, ಕಡಲೆಕಾಯಿ ಹಿಂಡಿ 30, ಗೋಧಿ ಬೂಸಾ 27, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ 20ರ ಹತ್ತಿರ ಬರುತ್ತದೆ. ಹಿಂಡಿಯಲ್ಲಿ ಅರ್ಧ ಹತ್ತಿಕಾಳು ಹಿಂಡಿ ಹಾಕಿದರೆ ಖರ್ಚು ಕಮ್ಮಿ, ಪ್ರೋಟೀನೂ ಸ್ವಲ್ಪ ಇಳಿಯುತ್ತದೆ. ಜೋಳವನ್ನು ನುಚ್ಚು ಮಾಡಿಸಿ. ಇಡೀ ಕಾಳು ಹಾಕಿದರೆ ಸಗಣಿಯಲ್ಲಿ ಹಾಗೇ ವಾಪಸ್ ಬರುತ್ತದೆ.

ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಜೋಳ ತರಲೇಬೇಡಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ. ಹಸುವಿನ ಈಲಿ (ಲಿವರ್) ಕೆಡುತ್ತದೆ, ವಿಷ ಹಾಲಿಗೂ ಇಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಆ ಹಾಲು ಮೊದಲು ಕುಡಿಯುವುದು ನಿಮ್ಮ ಮನೆಯ ಮಕ್ಕಳೇ.

ಇನ್ನೊಂದು ಹಳೆಯ ಅಭ್ಯಾಸ: ಬಾನಿ ತುಂಬಾ ನೀರು, ಅದರಲ್ಲಿ ಫೀಡ್ ತೇಲಿಸಿ ಕುಡಿಸುವುದು. "ಹಸು ಇಷ್ಟಪಟ್ಟು ಕುಡಿಯುತ್ತೆ" ಅನ್ನುತ್ತಾರೆ. ಕುಡಿದರೆ ಜೊಲ್ಲು ಬರುವುದಿಲ್ಲ, ಫೀಡ್ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಮುಂದೆ ಸಾಗುತ್ತದೆ. ಗುಳಿಗೆ ಫೀಡನ್ನು ಒಣದಾಗೇ ಕೊಡಿ, ಇಲ್ಲವೆಂದರೆ ಉಂಡೆ ಕಟ್ಟುವಷ್ಟು ಮಾತ್ರ ನೀರು ಚಿಮುಕಿಸಿ. ಅಜ್ಜಿಯರು ಬೈದುಕೊಂಡರೆ ಬೈದುಕೊಳ್ಳಲಿ.

ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ, ಉಪ್ಪು 30 ಗ್ರಾಂ. ಮನೆಯಲ್ಲಿ ಕಲಸಿದ ಮೇಲಿನ ಫೀಡಿನಲ್ಲಿ ಇವು ಸೇರಿಯೇ ಇವೆ, ಮತ್ತೆ ಬೇಡ. ಸಿಟಿ ಮೇವಿನ ಮೇಲೆ ನಿಂತ ಹಸುಗಳಲ್ಲಿ ಬೆದೆಗೆ ಬಾರದೆ ಇರುವುದಕ್ಕೆ, ಗಬ್ಬ ನಿಲ್ಲದೆ ಇರುವುದಕ್ಕೆ ಖನಿಜದ ಕೊರತೆ ಒಂದು ದೊಡ್ಡ ಕಾರಣ. ಪಾಕೆಟ್ ತಂದು ಅಟ್ಟದ ಮೇಲಿಟ್ಟು ನೆನಪಾದಾಗ ಹಾಕಿದರೆ ಉಪಯೋಗವಿಲ್ಲ.

ನೀರು ಮಾತ್ರ ಲೆಕ್ಕವಿಲ್ಲದೆ ಇಡಿ. ದಿನಕ್ಕೆ 60ರಿಂದ 80 ಲೀಟರ್, ಬೇಸಿಗೆಯಲ್ಲಿ ನೂರರ ತನಕ ಕುಡಿಯುತ್ತದೆ.

ಸಿಟಿ ಕೊಡುವ ಮೇವು: ಯಾವುದು, ಎಷ್ಟು

ಬಿಯರ್ ವೇಸ್ಟ್ ಬೈಯುವವರೂ ಇದ್ದಾರೆ, ಅದನ್ನೇ ನಂಬಿ ಕೂತವರೂ ಇದ್ದಾರೆ. ನನ್ನ ಪ್ರಕಾರ ತಾಜಾ ಇದ್ದರೆ ಅದು ಒಳ್ಳೆಯ ಪದಾರ್ಥ. ಬಾರ್ಲಿಯ ಸಕ್ಕರೆ ಅಂಶ ಬಿಯರ್‌ಗೆ ಹೋಗಿ ಪ್ರೋಟೀನ್, ನಾರು ಉಳಿದಿರುತ್ತದೆ. ಆರು ಕೆಜಿಯಲ್ಲಿ ಒಣ ಅಂಶ ಒಂದೂಕಾಲು ಕೆಜಿ. ಅಂದರೆ ಆರು ಕೆಜಿ ಕೊಟ್ಟರೆ ಒಂದು ಕೆಜಿ ಫೀಡ್ ಕಮ್ಮಿ ಮಾಡಬಹುದು, ಅದಕ್ಕಿಂತ ಜಾಸ್ತಿ ಅಲ್ಲ. ಡ್ರಮ್ಮಿನಲ್ಲಿ ವಾರಗಟ್ಟಲೆ ಇಟ್ಟು, ಮೇಲೆ ಬಿಳಿ ಬೂಷ್ಟು ತೆಗೆದು ಕೆಳಗಿನದನ್ನು ಕೊಡುವುದೇ ತಪ್ಪು. ಎರಡು ಮೂರು ದಿನದಲ್ಲಿ ಮುಗಿಯುವಷ್ಟೇ ತನ್ನಿ. ಇದರಲ್ಲಿ ಸುಣ್ಣದ ಅಂಶ ಕಮ್ಮಿ, ಖನಿಜ ಮಿಶ್ರಣ ತಪ್ಪಿಸಲೇಬಾರದು.

ಅವರೆಕಾಯಿ ಸಿಪ್ಪೆ, ಬಟಾಣಿ ಸಿಪ್ಪೆ ಒಳ್ಳೆಯವು. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆ ಬಿಡಿಸುವ ಅಂಗಡಿಗಳ ಮುಂದೆ ಸಿಪ್ಪೆ ಗುಡ್ಡ ಬಿದ್ದಿರುತ್ತದೆ. ಅಂದಂದಿನದನ್ನು ಅಂದೇ ತಂದು ಕೊಡಿ. ಒಟ್ಟಿಟ್ಟರೆ ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಬೇಬಿ ಕಾರ್ನ್, ಸ್ವೀಟ್ ಕಾರ್ನ್ ಮುಸುಕು ಇನ್ನೂ ಒಳ್ಳೆಯದು, ಹೆಚ್ಚೂಕಮ್ಮಿ ಹಸಿ ಜೋಳದ ಕಡ್ಡಿಯ ಬೆಲೆಯೇ ಅದಕ್ಕಿದೆ.

ಕೋಸು, ಹೂಕೋಸಿನ ಎಲೆಗೆ ಔಷಧಿ ಹೊಡೆದಿರುತ್ತಾರೆ. ನೀರಿನಲ್ಲಿ ಜಾಲಿಸಿ ಕೊಡಿ. ದಿನಕ್ಕೆ 10 ಕೆಜಿ ದಾಟಿಸಬೇಡಿ. ಕರೆಯುವ ಮುಂಚೆ ಕೊಟ್ಟರೆ ಹಾಲಿಗೆ ವಾಸನೆ ಹತ್ತುತ್ತದೆ, ಕರೆದ ಮೇಲೆ ಕೊಡಿ. ಈರುಳ್ಳಿ ರಾಶಿ ಸಿಕ್ಕಿತೆಂದು ಸುರಿಯಬೇಡಿ, ಜಾಸ್ತಿಯಾದರೆ ಹಸುವಿನ ರಕ್ತ ಒಡೆಯುತ್ತದೆ, ಮೂತ್ರ ಕೆಂಪಾಗುತ್ತದೆ. ಮೊಳಕೆ ಬಂದ, ಹಸಿರಾದ ಆಲೂಗಡ್ಡೆ ಬೇಡವೇ ಬೇಡ. ಹಲಸು, ಮಾವಿನ ಕಾಲದಲ್ಲಿ ತೊಳೆ, ಹಣ್ಣು ಜಾಸ್ತಿ ಹಾಕಿ ಹಸು ಮಲಗಿದ್ದು ಎಷ್ಟೋ ಇದೆ. ಸಿಪ್ಪೆ ನಾಲ್ಕೈದು ಕೆಜಿ ಸಾಕು.

ಎಲ್ಲಕ್ಕಿಂತ ಅಪಾಯ ಅನ್ನ. ಮದುವೆ ಮುಗಿದ ಮೇಲೆ ಛತ್ರದವರು ಕರೆದು ಒಂದು ಡ್ರಮ್ ಅನ್ನ, ಪಾಯಸ ಕೊಡುತ್ತಾರೆ. ಚೆಲ್ಲುವುದು ಪಾಪ ಅಂತ ತಂದು ಎರಡು ಹಸುವಿಗೆ ಹಂಚಿಬಿಡುತ್ತಾರೆ. ಅನ್ನ ಹೊಟ್ಟೆಯಲ್ಲಿ ಬೇಗ ಹುಳಿಯುತ್ತದೆ. ನಾರು ಕೊಳೆಸುವ ಜೀವಿಗಳು ಸಾಯುತ್ತವೆ, ಹುಳಿ ರಕ್ತಕ್ಕೆ ಸೇರುತ್ತದೆ. ಹಸು ಮೇವು ಬಿಡುತ್ತದೆ, ಹುಳಿ ವಾಸನೆಯ ನೀರು ಸಗಣಿ ಹಾಕುತ್ತದೆ, ತೂರಾಡುತ್ತದೆ, ಮಲಗಿದರೆ ಏಳುವುದಿಲ್ಲ. ಒಂದೇ ರಾತ್ರಿಯಲ್ಲಿ ಹೋಗಬಹುದು. ರಾಗಿ ಮುದ್ದೆ, ಹಿಟ್ಟು, ಚಪಾತಿ ರಾಶಿಗೂ ಇದೇ ಮಾತು. ದಿನವೂ ಕಲಗಚ್ಚಿನಲ್ಲಿ ಒಂದು ಹಿಡಿ ಅನ್ನ ಹೋದರೆ ಏನೂ ಆಗುವುದಿಲ್ಲ, ಡ್ರಮ್ ಬೇರೆ, ಹಿಡಿ ಬೇರೆ.

ಬದಲಾವಣೆ ಹತ್ತು ದಿನದಲ್ಲಿ

ಯಾವ ಹೊಸ ಮೇವಾದರೂ ಒಮ್ಮೆಲೇ ಬದಲಿಸಬೇಡಿ. ಮೊದಲ ಮೂರು ದಿನ ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹತ್ತು ದಿನದ ಹೊತ್ತಿಗೆ ಪೂರ್ತಿ. ಹೊಟ್ಟೆಯ ಜೀವಿಗಳಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು.

ದಿನದ ಕ್ರಮ ಹೀಗಿಟ್ಟುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಎರಡು ಹಿಡಿ ಒಣ ಹುಲ್ಲು. ಕರೆಯುವಾಗ ಫೀಡ್ ಅರ್ಧ. ಕರೆದ ತಕ್ಷಣ ಹಸಿ ಹುಲ್ಲು ಹಾಕಿ. ಹುಲ್ಲು ಮುಂದಿದ್ದರೆ ಹಸು ಅರ್ಧ ಗಂಟೆ ನಿಂತೇ ಇರುತ್ತದೆ, ಅಷ್ಟರಲ್ಲಿ ಮೊಲೆಯ ತೂತು ಮುಚ್ಚಿಕೊಳ್ಳುತ್ತದೆ, ಕೆಚ್ಚಲು ಬಾವು ಕಮ್ಮಿಯಾಗುತ್ತದೆ. ಮಧ್ಯಾಹ್ನ ರಾಗಿ ಹುಲ್ಲು. ಸಂಜೆ ಮತ್ತೆ ಬೆಳಗಿನ ಹಾಗೇ. ರಾತ್ರಿ ಮಲಗುವ ಮುಂಚೆ ಮಿಕ್ಕ ಒಣ ಹುಲ್ಲು. ಮಾರ್ಚ್, ಏಪ್ರಿಲ್‌ನಲ್ಲಿ ಮೇವಿನ ಹೆಚ್ಚು ಪಾಲನ್ನು ಬೆಳಗ್ಗೆ ಬೇಗ ಮತ್ತು ರಾತ್ರಿಗೆ ತಳ್ಳಿ.

ಲೆಕ್ಕ ಸರಿಯಿದೆಯೋ ಇಲ್ಲವೋ ಹಸುವೇ ಹೇಳುತ್ತದೆ. ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಲುಕು ಹಾಕುತ್ತಿರಬೇಕು. ಒಂದು ಸಲ ಮೆಲುಕು ತಂದಾಗ 50-60 ಸಲ ಅಗಿಯಬೇಕು, ಎಣಿಸಿ ನೋಡಿ. ನಲವತ್ತಕ್ಕೆ ನುಂಗಿದರೆ ಹುಲ್ಲು ಸಾಲದು. ಸಗಣಿ ಗಂಜಿಯ ಹಾಗೆ ಗುಳ್ಳೆ ಬಂದು ಹರಿದರೆ ಫೀಡ್ ಜಾಸ್ತಿ. ಗಟ್ಟಿ ಉಂಡೆಯಾದರೆ ನೀರು ಅಥವಾ ಪ್ರೋಟೀನ್ ಕಮ್ಮಿ.

ಗಬ್ಬದ ಕೊನೆ, ಕರು ಹಾಕಿದ ಮೇಲೆ

ಕರು ಹಾಕಲು ಎರಡು ತಿಂಗಳಿರುವಾಗ ಹಾಲು ಬತ್ತಿಸಿ. ಬತ್ತಿದ ಹಸುವಿಗೆ ಹುಲ್ಲು ಚೆನ್ನಾಗಿರಲಿ, ಫೀಡ್ ಒಂದೂವರೆ ಕೆಜಿ ಆಸುಪಾಸು. ಕೊನೆಯ ಹದಿನೈದು ದಿನ ನಿಧಾನಕ್ಕೆ ಎರಡೂವರೆ ಮೂರು ಕೆಜಿಗೆ ಏರಿಸಿ, ಕರು ಹಾಕಿದ ಮೇಲೆ ಬೇಕಾಗುವ ಫೀಡಿಗೆ ಹೊಟ್ಟೆ ಸಿದ್ಧವಾಗುತ್ತದೆ. ಈ ಹದಿನೈದು ದಿನ ಕ್ಯಾಲ್ಸಿಯಂ ಬಾಟಲಿ ಕುಡಿಸಬೇಡಿ. ಹೊರಗಿನಿಂದ ಸಿಕ್ಕಿದರೆ ಹಸುವಿನ ಮೈ ಮೂಳೆಯಿಂದ ಸುಣ್ಣ ತೆಗೆಯುವುದನ್ನೇ ನಿಲ್ಲಿಸುತ್ತದೆ, ಕರು ಹಾಕಿದ ದಿನ ಒಮ್ಮೆಲೇ ಬೇಕಾದಾಗ ಸಿಗದೆ ಹಾಲು ಜ್ವರ ಬಂದು ಕುಸಿಯುತ್ತದೆ. ಮೂರನೆಯ ಸೂಲಿನ ಮೇಲಿನ ಹೆಚ್ಚು ಹಾಲಿನ ಹಸುಗಳಲ್ಲಿ ಇದು ಜಾಸ್ತಿ. ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿದರೆ ಡಾಕ್ಟರನ್ನು ಕರೆಯಿರಿ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ.

ಕರು ಹಾಕಿದ ಮೊದಲ ಎರಡು ತಿಂಗಳು ಹಾಲು ಏರುತ್ತಲೇ ಇರುತ್ತದೆ, ಹಸುವಿನ ಹಸಿವು ಅಷ್ಟು ಬೇಗ ಏರುವುದಿಲ್ಲ. ಹಸು ಮೈ ಕರಗಿಸಿ ಹಾಲು ಕೊಡುತ್ತದೆ. ನಿಮ್ಮಲ್ಲಿರುವ ಒಳ್ಳೆಯ ಹಸಿ ಹುಲ್ಲು ಆಗ ಈ ಹಸುವಿಗೆ ಮೀಸಲು. ಫೀಡನ್ನು ಮೂರು ನಾಲ್ಕು ದಿನಕ್ಕೆ ಅರ್ಧ ಕೆಜಿಯಂತೆ ಮಾತ್ರ ಏರಿಸಿ, ಒಂದು ಹೊತ್ತಿಗೆ ಎರಡೂವರೆ ಮೂರು ಕೆಜಿಗಿಂತ ಜಾಸ್ತಿ ಬೇಡ.

ಕರುವಿಗೆ ಗಿಣ್ಣು ಹಾಲು ಮೊದಲ ಒಂದೆರಡು ಗಂಟೆಯೊಳಗೆ ಹೋಗಬೇಕು. ಮಾಸು ಬೀಳುವ ತನಕ ಕಾಯುವವರಿದ್ದಾರೆ. ಕಾಯಬೇಡಿ, ಹೊತ್ತು ಹೋದ ಹಾಗೆ ಗಿಣ್ಣಿನ ರೋಗ ನಿರೋಧಕ ಅಂಶ ಕರುವಿನ ಕರುಳಿಗೆ ಹಿಡಿಸುವುದಿಲ್ಲ. 30 ಕೆಜಿ ಕರುವಿಗೆ ಮೊದಲ ದಿನ ಮೂರು ಲೀಟರ್, ಎರಡು ಮೂರು ಸಲ ಮಾಡಿ. ಅಕ್ಕಪಕ್ಕದವರು ಪಾತ್ರೆ ಹಿಡಿದು "ಗಿಣ್ಣು ಮಾಡ್ತೀವಿ, ಸ್ವಲ್ಪ ಕೊಡಿ ಅಕ್ಕ" ಅಂತ ಬಂದೇ ಬರುತ್ತಾರೆ. ಕರು ಕುಡಿದ ಮೇಲೆ ಉಳಿದದ್ದು ಅವರಿಗೆ.

ಪ್ಲಾಸ್ಟಿಕ್, ತಂತಿ, ಹಬ್ಬ

ಕರೆದ ಮೇಲೆ ಹಸುವನ್ನು ಬೀದಿಗೆ ಬಿಡುವ ಅಭ್ಯಾಸ ಬೆಂಗಳೂರಿನಲ್ಲಿ ಇನ್ನೂ ಇದೆ. ಕವರಿನಲ್ಲಿ ಕಟ್ಟಿ ಎಸೆದ ಅನ್ನವನ್ನು ಹಸು ಕವರಿನ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದೆಯೂ ಹೋಗುವುದಿಲ್ಲ. ವರ್ಷಗಳಲ್ಲಿ ಹಗ್ಗದ ಉಂಡೆಯ ಹಾಗೆ ಸೇರಿಕೊಂಡು ಹೊಟ್ಟೆ ಸದಾ ತುಂಬಿದಂತೆ ಕಾಣುತ್ತದೆ, ಮೈ ಮಾತ್ರ ಒಣಗುತ್ತಾ ಹೋಗುತ್ತದೆ. ಆಪರೇಷನ್ ಬಿಟ್ಟು ಬೇರೆ ದಾರಿಯಿಲ್ಲ. ತಂತಿ, ಮೊಳೆ ನುಂಗಿದರೆ ಇನ್ನೂ ಕೆಟ್ಟದ್ದು. ಅದು ಕೂರುವ ಎರಡನೆಯ ಕೋಣೆಗೂ ಹೃದಯಕ್ಕೂ ನಡುವೆ ತೆಳು ಪರದೆ ಅಷ್ಟೇ. ಆಯುಧಪೂಜೆಯಲ್ಲಿ ರಸ್ತೆಗೆ ಒಡೆದ ಬೂದುಗುಂಬಳದಲ್ಲಿ ನಾಣ್ಯ ಇರುತ್ತದೆ. ಆ ಎರಡು ದಿನವಾದರೂ ಹಸುವನ್ನು ಕಟ್ಟಿಹಾಕಿ. ಮಾರ್ಕೆಟ್ ಎಲೆಯನ್ನು ಗೋದಲಿಗೆ ಸುರಿಯುವ ಮುಂಚೆ ನೆಲದ ಮೇಲೆ ಹರಡಿ ದಾರ, ರಬ್ಬರ್ ಬ್ಯಾಂಡ್, ಕವರ್ ಆರಿಸಿ.

ಸಂಕ್ರಾಂತಿಗೆ, ದೀಪಾವಳಿಯ ಗೋಪೂಜೆಗೆ ಬೀದಿಯವರೆಲ್ಲ ಬಾಳೆಹಣ್ಣು, ಸಿಹಿ ಪೊಂಗಲ್, ಬೆಲ್ಲ ತರುತ್ತಾರೆ. ಬೇಡ ಅನ್ನಲು ಆಗುವುದಿಲ್ಲ. ಒಂದು ಬುಟ್ಟಿ ಇಟ್ಟು "ಇದರಲ್ಲಿ ಹಾಕಿ, ನಾವು ಕೊಡ್ತೀವಿ" ಅನ್ನಿ. ಹಸುವಿಗೆ ಒಂದೆರಡು ಹಣ್ಣು ಮುಟ್ಟಿಸಿ, ಉಳಿದದ್ದನ್ನು ನಾಲ್ಕು ದಿನಕ್ಕೆ ಹಂಚಿ. ಪೂಜೆಗೆ ಮುಂಚೆ ಒಣ ಹುಲ್ಲು ಚೆನ್ನಾಗಿ ತಿನ್ನಿಸಿದ್ದರೆ ಇನ್ನೂ ಒಳ್ಳೆಯದು.

1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿ ಉಳಿದಿದ್ದಾಗ ಇಲ್ಲಿನ ಹೈನು ಸಂಸ್ಥೆಗೆ ಹೋಗಿ ಹಸು ಸಾಕುವುದನ್ನು ಕಲಿತಿದ್ದರು. ಆ ಸಂಸ್ಥೆ ಈಗ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ. ಪಶು ಪೋಷಣೆಗೆಂದೇ ಇರುವ ರಾಷ್ಟ್ರೀಯ ಸಂಸ್ಥೆಯೂ ಆಡುಗೋಡಿಯಲ್ಲೇ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಇಷ್ಟೆಲ್ಲ ಊರಿನಲ್ಲೇ ಇಟ್ಟುಕೊಂಡು ನಾವು ಮೇವಿನ ಸಲಹೆಗೆ ವಾಟ್ಸಾಪ್ ನೋಡುತ್ತೇವೆ.

ಹಸು ಮೇವು ಬಿಟ್ಟರೆ, ಎಡ ಪಕ್ಕೆ ತಮಟೆಯ ಹಾಗೆ ಉಬ್ಬಿದರೆ, ಮಲಗಿ ಏಳದಿದ್ದರೆ 1962ಕ್ಕೆ ಫೋನ್ ಮಾಡಿ, ಪಶು ಆಂಬುಲೆನ್ಸ್ ಸಹಾಯವಾಣಿ ಅದು. ಉಬ್ಬರ ಬಂದ ಹಸುವನ್ನು ಮುಂಗಾಲು ಎತ್ತರದಲ್ಲಿರುವ ಹಾಗೆ ನಿಲ್ಲಿಸಿಕೊಂಡು ಕಾಯಿರಿ. ಡಾಕ್ಟರ್ ಬಂದಾಗ ಹಿಂದಿನ ಎರಡು ದಿನ ಏನು, ಎಷ್ಟು ಕೆಜಿ ತಿನ್ನಿಸಿದ್ದಿರಿ ಎಂದು ನೋಟ್ ಪುಸ್ತಕ ತೆರೆದು ತೋರಿಸಿ. ಛತ್ರದ ಅನ್ನ ಹಾಕಿದ್ದರೆ ಮುಜುಗರ ಬಿಟ್ಟು ಅದನ್ನೂ ಹೇಳಿ, ಚಿಕಿತ್ಸೆ ಯಾವುದು ಅನ್ನುವುದು ಅದರ ಮೇಲೇ ನಿಂತಿರುತ್ತದೆ.